ಮುಗಿಲಿನ ಸದ್ದಿಗೆ ಹೆಸರಿಡುವ ಮುನ್ನ

ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಬೆಳೆದವರಿಗೆ ಒಂದು ಸದ್ದು ಚೆನ್ನಾಗಿ ಗೊತ್ತಿರುತ್ತದೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳು ಹಿಪ್ಪುನೇರಳೆ ಸೊಪ್ಪನ್ನು ಮೇಯತೊಡಗಿದಾಗ ಹುಳುಮನೆಯೊಳಗೆ ಸೋನೆಮಳೆ ಹಿಡಿದಂತೆ ಕೇಳಿಸುತ್ತದೆ. ಹಾಕಿದ ಸೊಪ್ಪು ಸಾಕಾಯಿತೋ ಇಲ್ಲವೋ, ಹುಳುಗಳು ಚುರುಕಾಗಿವೆಯೋ ಮಂಕಾಗಿವೆಯೋ ಎಂಬುದನ್ನು ನಮ್ಮ ಕನಕಪುರ ಸೀಮೆಯ ಹೆಣ್ಣುಮಕ್ಕಳು ಬಾಗಿಲ ಹೊರಗೆ ನಿಂತೇ ಹೇಳಬಲ್ಲರು. ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ತಿಳಿಯುವ ವಿದ್ಯೆ ಇದು. ಯಾವ ಶಾಲೆಯಲ್ಲಿಯೂ ಇದನ್ನು ಕಲಿಸಿದವರಿಲ್ಲ. ದಿನವೂ ಗಮನವಿಟ್ಟು ಕೇಳಿದ್ದರಿಂದಲೇ ಬಂದದ್ದು.

ಇಂತಹುದೇ ಇನ್ನೊಂದು ವಿದ್ಯೆಯನ್ನು ನಾವು ನಮ್ಮ ಮನೆಯ ಜಗಲಿಯ ಮೇಲೆ ಕಂಡೆವು. ನಮ್ಮ ದೊಡ್ಡಪ್ಪನವರು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ಊರಿಗೆ ಮರಳಿದ ಮೇಲೆ ಸಂಜೆ ದೇಗುಲ ಮಠಕ್ಕೆ ಹೋಗಿ ಬಂದು ಜಗಲಿಯ ಮೇಲೆ ಕೂರುವುದು ಅವರ ಪದ್ಧತಿಯಾಗಿತ್ತು. ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರ ಮುಖವೂ ಮಸುಕಾಗಿದ್ದ ದಿನಗಳಲ್ಲಿ, ಮುಗಿಲಿನಲ್ಲಿ ಸದ್ದಾದರೆ ಸಾಕು, ತಲೆ ಎತ್ತದೆಯೇ, “ಅದು ಚೇತಕ್, ಮೂರು ರೆಕ್ಕೆ” ಎನ್ನುತ್ತಿದ್ದರು. ಮೊಮ್ಮಗ ಅಂಗಳಕ್ಕೆ ಓಡಿ ನೋಡಿದರೆ ಹೆಲಿಕಾಪ್ಟರ್ ಅದೇ ಆಗಿರುತ್ತಿತ್ತು. ಮಕ್ಕಳಿಗೆ ಅದೊಂದು ಪವಾಡದಂತೆ ತೋರುತ್ತಿತ್ತು. ದೊಡ್ಡಪ್ಪನವರು ಮಾತ್ರ, “ಪವಾಡ ಏನೂ ಇಲ್ಲ ಕಂದ, ಕೇಳಿ ಕೇಳಿ ಬಂದದ್ದು” ಎಂದು ನಕ್ಕು ಸುಮ್ಮನಾಗುತ್ತಿದ್ದರು.

ವಿಮಾನಗಳನ್ನು ನೋಟದಿಂದಲೂ ಸದ್ದಿನಿಂದಲೂ ಗುರುತಿಸುವ ಈ ವಿದ್ಯೆಯನ್ನು ಓದುಗ ಬಂಧುಗಳ ಮುಂದಿಡಬೇಕೆಂದು ನಮಗೆ ಅನಿಸಿದ್ದು ಒಂದು ಘಟನೆಯಿಂದ. ಅದನ್ನೇ ಮೊದಲು ಹೇಳುತ್ತೇವೆ.

ಸದ್ದಿಲ್ಲದ ಆಕಾಶದಲ್ಲಿ ಒಂದು ಸದ್ದು

2020ರ ಮೇ 20, ಬುಧವಾರ. ಕೊರೊನಾ ಕಾರಣದಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡು ಎರಡು ತಿಂಗಳಾಗುತ್ತ ಬಂದಿತ್ತು. ದೇಶದೊಳಗಿನ ಪ್ರಯಾಣಿಕ ವಿಮಾನಗಳು ಮತ್ತೆ ಹಾರಲು ಆರಂಭಿಸಿದ್ದು ಮೇ 25ರಂದು. ಅಲ್ಲಿಯವರೆಗೆ ನಮ್ಮ ತಲೆಯ ಮೇಲಿನ ಆಕಾಶ ಮೌನವಾಗಿತ್ತು. ಅಂತಹ ಮೌನದಲ್ಲಿ ಆ ಮಧ್ಯಾಹ್ನ ಒಂದೂವರೆಗೆ ಸ್ವಲ್ಪ ಮೊದಲು ಬೆಂಗಳೂರಿನ ಮೇಲೆ ಭಾರಿ ಸ್ಫೋಟದಂತಹ ಸದ್ದಾಯಿತು. ಮನೆಗಳ ಕಿಟಕಿ ಬಾಗಿಲುಗಳು ಅದುರಿದವು. ಭೂಕಂಪವೆಂದು ಕೆಲವರು, ಎಲ್ಲಿಯೋ ಬಾಂಬು ಸಿಡಿಯಿತೆಂದು ಕೆಲವರು, ಕಲ್ಲುಗಣಿಯ ಸಿಡಿಮದ್ದೆಂದು ಇನ್ನು ಕೆಲವರು ಹೇಳತೊಡಗಿದರು. ಅರ್ಧ ಗಂಟೆಯೊಳಗೆ ಈ ಸುದ್ದಿಗಳೆಲ್ಲ ಮೊಬೈಲುಗಳ ಮೂಲಕ ಕನಕಪುರವನ್ನೂ ಮುಟ್ಟಿದವು.

ದೊಡ್ಡಪ್ಪನವರು ಕಣ್ಣಿನ ಚಿಕಿತ್ಸೆಗೆಂದು ಹೋಗಿ ಬೆಂಗಳೂರಿನ ಮಗನ ಮನೆಯಲ್ಲಿಯೇ ಉಳಿದುಕೊಂಡಿದ್ದರು. ನಾವು ಗಾಬರಿಯಿಂದ ಫೋನು ಮಾಡಿದೆವು. ಅವರ ದನಿಯಲ್ಲಿ ಆತಂಕವಿರಲಿಲ್ಲ. “ಭೂಮಿ ನಡುಗಿಲ್ಲ ಕಣಪ್ಪ. ಪಾತ್ರೆ ಅಲುಗಲಿಲ್ಲ, ಕಿಟಕಿ ಅದುರಿತು. ಇದು ನೆಲದ ಸದ್ದಲ್ಲ, ಮುಗಿಲಿಂದು” ಎಂದರು. “ಹಾಗಾದರೆ ಯಾವ ವಿಮಾನ ದೊಡ್ಡಪ್ಪ?” ಎಂದು ಕೇಳಿದೆವು. “ಅದು ಹೇಳಕ್ಕಾಗಲ್ಲ. ನೋಡಿಲ್ಲ, ಎಂಜಿನ್ನಿನ ದನಿ ಕೇಳಿಲ್ಲ. ಗೊತ್ತಿಲ್ಲದ್ದಕ್ಕೆ ಹೆಸರಿಡಬಾರದು” ಎಂದರು.

ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ತನ್ನ ಭೂಕಂಪ ಮಾಪಕಗಳಲ್ಲಿ ಯಾವ ಕಂಪನವೂ ದಾಖಲಾಗಿಲ್ಲವೆಂದು ತಿಳಿಸಿತು. ಅದೇ ದಿನ ರಕ್ಷಣಾ ಇಲಾಖೆಯ ಹೇಳಿಕೆಯೂ ಬಂದಿತು. ಬೆಂಗಳೂರಿನಿಂದ ಹೊರಟ ವಾಯುಪಡೆಯ ಪರೀಕ್ಷಾ ವಿಮಾನವೊಂದು ನಗರದ ಹೊರಗೆ ತನಗೆ ಗೊತ್ತುಮಾಡಿದ ಜಾಗದಲ್ಲಿ ಶಬ್ದಕ್ಕಿಂತ ಹೆಚ್ಚು ವೇಗದಲ್ಲಿ ಹಾರಿತ್ತು. ಅದು ವೇಗವನ್ನು ಇಳಿಸುತ್ತಿದ್ದಾಗ, 36 ಸಾವಿರದಿಂದ 40 ಸಾವಿರ ಅಡಿ ಎತ್ತರದಲ್ಲಿ, ಆ ಸದ್ದು ಹುಟ್ಟಿರಬಹುದು. ವಿಮಾನ 65ರಿಂದ 80 ಕಿಲೋಮೀಟರ್ ದೂರದಲ್ಲಿದ್ದರೂ ಇಂತಹ ಸದ್ದು ಕೇಳಿಸಬಲ್ಲದು ಎಂಬುದು ಅದರ ಸಾರ. ವಿಮಾನವು ಶಬ್ದವನ್ನು ಹಿಂದಿಕ್ಕಿ ಹೋಗುವಾಗ ಅದರ ಮುಂದಿನ ಗಾಳಿಗೆ ಸರಿದುಕೊಳ್ಳಲು ಸಮಯ ಸಿಗುವುದಿಲ್ಲ. ಒತ್ತಿಕೊಂಡ ಗಾಳಿಯ ಆ ಅಲೆ ನೆಲವನ್ನು ಮುಟ್ಟಿದಾಗ ಸಿಡಿಲಿನಂತೆ ಕೇಳುತ್ತದೆ.

ದೊಡ್ಡಪ್ಪನವರ ಮಾತು ನಿಜವಾಯಿತೆಂಬುದಷ್ಟೇ ನಮ್ಮ ಸಂತೋಷವಲ್ಲ. ಬಲ್ಲವರು ತಮಗೆ ಗೊತ್ತಿದ್ದಷ್ಟನ್ನು ಮಾತ್ರ ಹೇಳಿ ಉಳಿದುದಕ್ಕೆ ಸುಮ್ಮನಿದ್ದರು. ಬಲ್ಲದವರು ಮೂರು ಹೆಸರಿಟ್ಟು ಮೂವತ್ತು ಮನೆಗಳಿಗೆ ಭಯವನ್ನು ಹಂಚಿದರು. ಈ ವ್ಯತ್ಯಾಸವೇ ನಮ್ಮನ್ನು ಯೋಚನೆಗೆ ಹಚ್ಚಿತು.

ನಮ್ಮ ಮುಗಿಲಿನ ನಂಟು

ಹೊಲ, ತೋಟ, ರೇಷ್ಮೆಯ ಊರಾದ ಕನಕಪುರಕ್ಕೂ ವಿಮಾನಕ್ಕೂ ಏನು ನಂಟು ಎಂದು ಕೇಳಬಹುದು. ಬೆಂಗಳೂರು ನಮ್ಮಿಂದ ಸುಮಾರು 55 ಕಿ.ಮೀ. ದೂರ. ಭಾರತದಲ್ಲಿ ಬೆಂಗಳೂರಿನಷ್ಟು ಬಗೆಬಗೆಯ ವಿಮಾನಗಳನ್ನು ಕಂಡಿರುವ ನಗರಗಳು ಕಡಿಮೆ.

1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಇಲ್ಲಿ ಸ್ಥಾಪಿಸಿದರು. 1964ರಲ್ಲಿ ಅದು ಇಂದಿನ ಎಚ್.ಎ.ಎಲ್. ಆಯಿತು. ಡಾ. ವಿ. ಎಂ. ಘಾಟಗೆಯವರು ವಿನ್ಯಾಸಗೊಳಿಸಿದ ಎಚ್.ಟಿ.-2 ಎಂಬ ತರಬೇತಿ ವಿಮಾನ 1951ರಲ್ಲಿ ಇಲ್ಲಿಂದಲೇ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮಾರ್ಗದರ್ಶನದಲ್ಲಿ ರೂಪುಗೊಂಡ ಮರುತ್ ಯುದ್ಧವಿಮಾನ 1961ರಲ್ಲಿ, ಕಿರಣ್ ತರಬೇತಿ ವಿಮಾನ 1964ರಲ್ಲಿ, ಧ್ರುವ ಹೆಲಿಕಾಪ್ಟರ್ 1992ರಲ್ಲಿ, ತೇಜಸ್ 2001ರ ಜನವರಿ 4ರಂದು ಮೊದಲು ಮೇಲೇರಿದ್ದು ಬೆಂಗಳೂರಿನ ಆಕಾಶಕ್ಕೇ. ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ಹಾರಾಟ ಶಾಲೆ, ಯಲಹಂಕದಲ್ಲಿ ವಾಯುಪಡೆಯ ನೆಲೆ ಮತ್ತು 1996ರಿಂದ ನಡೆದು ಬಂದಿರುವ ವೈಮಾನಿಕ ಪ್ರದರ್ಶನ, 2008ರ ಮೇ ತಿಂಗಳಿನಿಂದ ದೇವನಹಳ್ಳಿಯ ಬಳಿ ದೊಡ್ಡ ವಿಮಾನ ನಿಲ್ದಾಣ. ಇವೆಲ್ಲ ಒಂದೇ ನಗರದ ಸುತ್ತ ಇವೆ.

ಬೀದರಿನ ಬಂಧುಗಳಿಗೂ ಈ ನಂಟು ಹೊಸದಲ್ಲ. ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಅಲ್ಲಿಯೇ. 2011ರವರೆಗೆ ಕಿರಣ್ ವಿಮಾನಗಳಲ್ಲಿ ಹಾರುತ್ತಿದ್ದ ಆ ತಂಡ, 2015ರಲ್ಲಿ ಹಾಕ್ ವಿಮಾನಗಳೊಡನೆ ಮರಳಿ ಬಂದಿತು. ಬಸವಕಲ್ಯಾಣದ ಕಡೆಗೆ ಯಾತ್ರೆ ಹೋದವರಲ್ಲಿ ಎಷ್ಟೋ ಜನ ಬೀದರಿನಲ್ಲಿ ತರಬೇತಿ ವಿಮಾನಗಳ ಸದ್ದಿಗೆ ತಲೆ ಎತ್ತಿದವರೇ.

ನಾಲ್ಕು ಗುರುತುಗಳು

ಹಸುವನ್ನು ಕೊಳ್ಳುವವರು ಕೊಂಬು, ಸುಳಿ, ಕೆಚ್ಚಲು, ನಡಿಗೆ ಎಂದು ಕ್ರಮವಾಗಿ ನೋಡುತ್ತಾರೆ. ವಿಮಾನವನ್ನು ನೋಡುವುದಕ್ಕೂ ಒಂದು ಕ್ರಮವಿದೆ. ರೆಕ್ಕೆ, ಎಂಜಿನ್, ಒಡಲು, ಬಾಲ: ಈ ನಾಲ್ಕನ್ನು ಇದೇ ಅನುಕ್ರಮದಲ್ಲಿ ನೋಡಬೇಕೆಂದು ಸೈನ್ಯಗಳಲ್ಲಿ ಕಲಿಸುತ್ತಾರೆ. ಬಣ್ಣವನ್ನು ನಂಬಬಾರದು. ಬಿಸಿಲಿಗೆ ಎದುರಾಗಿ ನೋಡಿದರೆ ಎಲ್ಲ ವಿಮಾನಗಳೂ ಕಪ್ಪೇ.

ರೆಕ್ಕೆ ಒಡಲಿನ ಮೇಲ್ಭಾಗಕ್ಕೆ ಹೊಂದಿಕೊಂಡಿದೆಯೋ ಕೆಳಭಾಗಕ್ಕೋ ಎಂಬುದು ಮೊದಲ ಪ್ರಶ್ನೆ. ಹುಬ್ಬಳ್ಳಿಯಂತಹ ಊರುಗಳಿಗೆ ಹೋಗುವ ಎ.ಟಿ.ಆರ್. ವಿಮಾನದ ರೆಕ್ಕೆ ಮೇಲಿದೆ. ಅದರಲ್ಲಿ ಎರಡು ಎಂಜಿನ್, ತಿರುಗುವ ಎರಡು ಪಂಖ. ಬಾಲದ ತುದಿಯಲ್ಲಿ ಅಡ್ಡರೆಕ್ಕೆ ಇಂಗ್ಲಿಷಿನ ‘ಟಿ’ ಅಕ್ಷರದಂತೆ ಕೂತಿರುತ್ತದೆ. ವಾಯುಪಡೆಯ ಆಂಟೊನೊವ್-32 ಕೂಡ ಮೇಲ್ರೆಕ್ಕೆಯ, ಎರಡು ಪಂಖದ ವಿಮಾನವೇ. ಆದರೆ ಅದರ ಎಂಜಿನ್‌ಗಳು ರೆಕ್ಕೆಯ ಮೇಲೆ, ಹೆಗಲ ಮೇಲೆ ಕೊಡ ಹೊತ್ತಂತೆ ಕೂತಿರುತ್ತವೆ. ಒಮ್ಮೆ ಕಂಡವರು ಮರೆಯುವುದಿಲ್ಲ.

ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಏರ್‌ಬಸ್ 320 ಮತ್ತು ಬೋಯಿಂಗ್ 737 ಅವಳಿಗಳಂತೆ ಕಾಣುತ್ತವೆ. ಎರಡಕ್ಕೂ ಕೆಳರೆಕ್ಕೆ, ರೆಕ್ಕೆಯಡಿ ಎರಡು ಜೆಟ್ ಎಂಜಿನ್. ಇವನ್ನು ಬಿಡಿಸಿ ನೋಡಲು ಎರಡು ಸುಳಿವುಗಳಿವೆ. ಬೋಯಿಂಗ್ 737ರ ನಿಂತ ಬಾಲದ ಬುಡದಲ್ಲಿ ಮುಂಭಾಗಕ್ಕೆ ಚಾಚಿದ ಒಂದು ಸಣ್ಣ ಇಳಿಜಾರು ಇರುತ್ತದೆ. ಏರ್‌ಬಸ್ಸಿನ ಬಾಲ ನೇರವಾಗಿ ಎದ್ದಿರುತ್ತದೆ. ಎರಡನೆಯದಾಗಿ, ಮೇಲೆ ಮಡಚಿಕೊಂಡ ಚಕ್ರಗಳಿಗೆ 737ರಲ್ಲಿ ಪೂರ್ತಿ ಮುಚ್ಚಳವಿಲ್ಲ. ತಗ್ಗಿನಲ್ಲಿ ಹಾರುವಾಗ ಕೆಳಗಿನಿಂದ ನೋಡಿದರೆ ಹೊಟ್ಟೆಯ ನಡುವೆ ಎರಡು ಕಪ್ಪು ಬಿಲ್ಲೆಗಳು ಕಾಣುತ್ತವೆ.

ಯುದ್ಧವಿಮಾನಗಳಲ್ಲಿ ತೇಜಸ್ ಮತ್ತು ಮಿರಾಜ್-2000 ಎರಡಕ್ಕೂ ತ್ರಿಕೋನ ರೆಕ್ಕೆ, ಹಿಂದೆ ಅಡ್ಡಬಾಲವಿಲ್ಲ. ಮಿರಾಜಿನ ರೆಕ್ಕೆಯ ಮುಂದಂಚು ಗೆರೆ ಎಳೆದಂತೆ ನೇರ. ತೇಜಸ್ಸಿನ ಮುಂದಂಚು ನಡುವೆ ಒಮ್ಮೆ ಬಾಗಿ ಮುರಿದಂತಿದೆ. ಹೆಲಿಕಾಪ್ಟರುಗಳಲ್ಲಿ ಚೇತಕ್‌ಗೆ ತಲೆಯ ಮೇಲೆ ಮೂರು ಅಲಗು, ಧ್ರುವಕ್ಕೆ ನಾಲ್ಕು, ದೊಡ್ಡ ಮಿ-17ಕ್ಕೆ ಐದು. ಚೀತಾ ಹೆಲಿಕಾಪ್ಟರಿಗೂ ಮೂರೇ ಅಲಗು. ಆದರೆ ಅದರ ಬಾಲ ಕಬ್ಬಿಣದ ಏಣಿಯಂತೆ ತೆರೆದುಕೊಂಡಿರುತ್ತದೆ, ಮುಂಭಾಗ ಗಾಜಿನ ಗುಳ್ಳೆಯಂತಿರುತ್ತದೆ.

ಕಿವಿಗೆ ಸಿಗುವ ಸುಳಿವು

ಸದ್ದನ್ನು ಮೊದಲು ನಾಲ್ಕು ಕುಲಗಳಾಗಿ ವಿಂಗಡಿಸಿಕೊಳ್ಳಬೇಕು. ಜಕ್ಕೂರಿನ ಶಾಲೆಯಂತಹ ಕಡೆ ಹಾರುವ ಚಿಕ್ಕ ವಿಮಾನಗಳಲ್ಲಿ ಮೋಟಾರು ಕಾರಿನಂತೆ ಪಿಸ್ಟನ್ ಎಂಜಿನ್ ಇರುತ್ತದೆ. ಅದರ ಸದ್ದಿನಲ್ಲಿ ಬಿಡಿ ಬಿಡಿ ಬಡಿತಗಳು ಕೇಳುತ್ತವೆ. ಎ.ಟಿ.ಆರ್. ಮತ್ತು ಆಂಟೊನೊವ್‌ಗಳಲ್ಲಿ ಪಂಖಗಳನ್ನು ತಿರುಗಿಸುವುದು ಟರ್ಬೈನ್. ಅವುಗಳದು ಎಳೆದ ಗುಂಯ್‌ಗಾರ. ಮೂರನೆಯದು ಜೆಟ್ಟಿನ ಮೊರೆತ. ನಾಲ್ಕನೆಯದು ಹೆಲಿಕಾಪ್ಟರಿನ ಅಲಗುಗಳು ಗಾಳಿಯನ್ನು ಬಡಿಯುವ ಸದ್ದು. ದೊಡ್ಡಪ್ಪನವರು ಚೇತಕ್ಕನ್ನು ಗುರುತಿಸುತ್ತಿದ್ದುದು ಈ ಬಡಿತದ ಲಯದಿಂದ ಮತ್ತು ಅದರೊಡನೆ ಸೇರಿ ಬರುವ ಒಂಟಿ ಎಂಜಿನ್ನಿನ ಕೀರಲು ದನಿಯಿಂದ.

ಎರಡು ಪಂಖಗಳ ವಿಮಾನದಲ್ಲಿ ಇನ್ನೊಂದು ವಿಶೇಷವಿದೆ. ಭಜನೆಯಲ್ಲಿ ಎರಡು ತಂಬೂರಿಗಳ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ನಾದ ಅಲೆ ಅಲೆಯಾಗಿ ಏರಿಳಿಯುವುದನ್ನು ನೀವು ಕೇಳಿರಬಹುದು. ಎರಡು ಎಂಜಿನ್‌ಗಳ ವೇಗದಲ್ಲಿ ಅಲ್ಪ ವ್ಯತ್ಯಾಸವಿದ್ದಾಗಲೂ ಹಾಗೆಯೇ ‘ಊಂ... ಊಂ...’ ಎಂಬ ಅಲೆ ಏಳುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಬಾಂಬರುಗಳನ್ನು ಇಂಗ್ಲೆಂಡಿನ ಜನ ಕತ್ತಲೆಯಲ್ಲಿ ಗುರುತಿಸಿಕೊಳ್ಳುತ್ತಿದ್ದುದು ಇಂತಹ ಏರಿಳಿಯುವ ಸದ್ದಿನಿಂದಲೇ.

ವಿಮಾನದಲ್ಲಿ ಪ್ರಯಾಣ ಮಾಡುವ ಹಿರಿಯರಿಗೆ ಉಪಯೋಗವಾಗುವ ಒಂದು ಮಾತು. ಏರ್‌ಬಸ್ 320 ಹೊರಡುವ ಮುನ್ನ ಅಥವಾ ಇಳಿದ ಮೇಲೆ ಕಾಲಡಿಯಿಂದ ನಾಯಿ ಬೊಗಳಿದಂತೆಯೋ ಗರಗಸ ಎಳೆದಂತೆಯೋ ಸದ್ದು ಬರುವುದುಂಟು. ಎಷ್ಟೋ ಜನ ವಿಮಾನ ಕೆಟ್ಟಿತೆಂದು ಅಂಜುತ್ತಾರೆ. ಚಕ್ರ, ರೆಕ್ಕೆಗಳನ್ನು ಆಡಿಸುವ ಎಣ್ಣೆಯ ಒತ್ತಡದ ಮೂರು ಕೊಳವೆಜಾಲಗಳು ಅದರಲ್ಲಿವೆ. ಒಂದರಲ್ಲಿ ಒತ್ತಡ ತಗ್ಗಿದಾಗ ಇನ್ನೊಂದರಿಂದ ಬಲವನ್ನು ಒದಗಿಸುವ ಯಂತ್ರ ಕೆಲಸ ಮಾಡುವ ಸದ್ದು ಅದು. ಕೆಟ್ಟದ್ದರ ಸೂಚನೆಯಲ್ಲ. ಇಷ್ಟು ತಿಳಿದಿದ್ದರೆ ಪ್ರಯಾಣದ ಅರ್ಧ ಭಯ ಇಳಿಯುತ್ತದೆ.

ಸದ್ದು ಬಂದ ಕಡೆ ನೋಡಿದರೆ ವಿಮಾನ ಸಿಗದು

ಮಕ್ಕಳು ಸದ್ದು ಬಂದ ಕಡೆಗೇ ನೋಡಿ, ವಿಮಾನ ಕಾಣದೆ ನಿರಾಶರಾಗುತ್ತಾರೆ. ಕಾರಣ ಸರಳವಾದದ್ದು. ಬೆಳಕು ನಮ್ಮನ್ನು ಕಣ್ಣೆವೆ ಇಕ್ಕುವುದರೊಳಗೆ ಮುಟ್ಟುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುತ್ತದೆ. 10 ಕಿ.ಮೀ. ಎತ್ತರದಲ್ಲಿ ಹಾರುವ ವಿಮಾನದ ಸದ್ದು ನೆಲಕ್ಕೆ ಇಳಿಯಲು ಸುಮಾರು 30 ಸೆಕೆಂಡು ಬೇಕು. ಅಷ್ಟರಲ್ಲಿ, ಗಂಟೆಗೆ 800 ಕಿ.ಮೀ.ಗೂ ಹೆಚ್ಚು ವೇಗದ ಆ ವಿಮಾನ ಸುಮಾರು 7 ಕಿ.ಮೀ. ಮುಂದೆ ಹೋಗಿರುತ್ತದೆ. ಆದ್ದರಿಂದ ನೆತ್ತಿಯ ಮೇಲೆ ಸದ್ದು ಕೇಳಿಸಿದರೆ ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದು, ಅದು ಹೋಗುತ್ತಿರುವ ದಿಕ್ಕಿಗೆ ಮೂರು ನಾಲ್ಕು ಮುಷ್ಟಿಯಷ್ಟು ಮುಂದೆ ನೋಡಬೇಕು. ಅಲ್ಲಿ ವಿಮಾನ ಮಿನುಗುತ್ತಿರುತ್ತದೆ. ಮನೆಯ ತಾರಸಿಯ ಮೇಲೆ ಮಕ್ಕಳಿಗೆ ಇದನ್ನು ಒಮ್ಮೆ ಮಾಡಿ ತೋರಿಸಿ. ಪುಸ್ತಕದ ಪಾಠ ಕಣ್ಣ ಮುಂದೆಯೇ ನಿಲ್ಲುತ್ತದೆ.

ತಪ್ಪು ಹೆಸರಿನ ಬೆಲೆ

ಇದನ್ನು ಬರಿಯ ಆಟವೆಂದು ತಿಳಿಯಬಾರದು. 1940ರಲ್ಲಿ ಇಂಗ್ಲೆಂಡಿನ ಮೇಲೆ ವಿಮಾನದಾಳಿ ನಡೆದಾಗ ಅಲ್ಲಿನ ರಾಡಾರುಗಳು ಸಮುದ್ರದ ಕಡೆಗೆ ಮುಖ ಮಾಡಿದ್ದವು. ಶತ್ರುವಿಮಾನ ದಡವನ್ನು ದಾಟಿದ ಮೇಲೆ ಅದನ್ನು ಕಣ್ಣು ಕಿವಿಗಳಿಂದ ಹಿಂಬಾಲಿಸಿ ಫೋನಿನಲ್ಲಿ ತಿಳಿಸುತ್ತಿದ್ದವರು ವೀಕ್ಷಕ ದಳದ ಸ್ವಯಂಸೇವಕರು. ಬೇರೆ ಕಸುಬುಗಳಲ್ಲಿದ್ದ ಸಾಮಾನ್ಯ ಜನ. ನೆರಳು ಚಿತ್ರಗಳನ್ನು ನೋಡಿ ನೋಡಿ ಅವರು ವಿಮಾನಗಳ ಗುರುತನ್ನು ಅಭ್ಯಾಸ ಮಾಡಿದ್ದರು.

ಯಂತ್ರಗಳು ಬೆಳೆದ ಮೇಲೂ ಗುರುತು ತಪ್ಪುವುದು ನಿಂತಿಲ್ಲ. 1988ರ ಜುಲೈ 3ರಂದು ಪರ್ಷಿಯಾ ಕೊಲ್ಲಿಯಲ್ಲಿ ಅಮೆರಿಕದ ಯುದ್ಧನೌಕೆಯೊಂದು ಇರಾನಿನ ಪ್ರಯಾಣಿಕ ವಿಮಾನವನ್ನು ಯುದ್ಧವಿಮಾನವೆಂದು ಬಗೆದು ಹೊಡೆದುರುಳಿಸಿತು. 290 ಜೀವಗಳು ಹೋದವು. ನಮ್ಮಲ್ಲಿಯೇ 2019ರ ಫೆಬ್ರವರಿ 27ರಂದು, ಗಡಿಯಲ್ಲಿ ವಿಮಾನಗಳ ಕಾದಾಟ ನಡೆದಿದ್ದ ಬೆಳಿಗ್ಗೆ, ಕಾಶ್ಮೀರದ ಬಡಗಾಮಿನಲ್ಲಿ ವಾಯುಪಡೆಯ ಮಿ-17 ಹೆಲಿಕಾಪ್ಟರಿಗೆ ನಮ್ಮದೇ ಕ್ಷಿಪಣಿ ತಗುಲಿತು. ವಾಯುಪಡೆಯ ಆರು ಮಂದಿ ಮತ್ತು ನೆಲದ ಮೇಲಿದ್ದ ಒಬ್ಬ ನಾಗರಿಕರು ಅಸುನೀಗಿದರು. ಅದು ದೊಡ್ಡ ತಪ್ಪೆಂದು ವಾಯುಪಡೆಯ ಮುಖ್ಯಸ್ಥರು ಅದೇ ವರ್ಷ ಅಕ್ಟೋಬರಿನಲ್ಲಿ ಒಪ್ಪಿಕೊಂಡರು. ಆರು ಮನೆಗಳ ಮಕ್ಕಳು ಶತ್ರುವಿನಿಂದಲ್ಲ, ಅವಸರದ ಗುರುತಿನಿಂದ ತಂದೆಯನ್ನೋ ಮಗನನ್ನೋ ಕಳೆದುಕೊಂಡ ಮನೆಗಳವರಾದರು.

ಮೊಬೈಲಿನಲ್ಲಿ ‘ಬಾಂಬು ಬಿತ್ತು’ ಎಂದು ಬರೆದು ಕಳಿಸುವುದಕ್ಕೂ ಇದಕ್ಕೂ ಅಳತೆಯಲ್ಲಿ ಅಂತರವಿದೆ ನಿಜ. ಆದರೆ ಎರಡರ ಬೇರೂ ಒಂದೇ: ನಾಲ್ಕು ಗುರುತು ಕೂಡುವ ಮೊದಲೇ ಹೆಸರಿಡುವುದು.

ಮನೆಮಂದಿಗೆ ಒಂದು ಅಭ್ಯಾಸ

ಈ ಅಭ್ಯಾಸಕ್ಕೆ ಹಣ ಬೇಕಿಲ್ಲ. ಮಕ್ಕಳ ಕೈಗೆ ಒಂದು ಹಳೆಯ ನೋಟುಪುಸ್ತಕ ಕೊಡಿ. ದಿನಾಂಕ, ಹೊತ್ತು, ದಿಕ್ಕು, ಸದ್ದಿನ ಕುಲ, ರೆಕ್ಕೆ, ಎಂಜಿನ್, ಒಡಲು, ಬಾಲ ಎಂದು ಅಂಕಣ ಎಳೆಯಲಿ. ಕೊನೆಯ ಅಂಕಣ ‘ಖಚಿತವೋ, ಊಹೆಯೋ’ ಎಂಬುದಾಗಿರಲಿ. ಅದೇ ಎಲ್ಲಕ್ಕಿಂತ ಮುಖ್ಯವಾದ ಅಂಕಣ. ಪ್ರಯಾಣಿಕ ವಿಮಾನಗಳ ಹೆಸರು, ಊರು, ಎತ್ತರಗಳನ್ನು ತೋರಿಸುವ ಫ್ಲೈಟ್‌ರಾಡಾರ್24ರಂತಹ ಸೌಲಭ್ಯಗಳು ಮೊಬೈಲಿನಲ್ಲಿವೆ. ಆದರೆ ಮೊದಲು ಮಗು ತನ್ನ ಊಹೆಯನ್ನು ಬರೆಯಲಿ, ಅನಂತರ ಅದರಲ್ಲಿ ತಾಳೆ ನೋಡಲಿ. ಸೈನ್ಯದ ವಿಮಾನಗಳು ಅದರಲ್ಲಿ ಬಹುಮಟ್ಟಿಗೆ ಕಾಣುವುದಿಲ್ಲ ಎಂಬುದನ್ನೂ ತಿಳಿಸಿರಿ. ರಜೆಯಲ್ಲಿ ಬೆಂಗಳೂರಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರೆ ಮರುತ್‌ನಂತಹ ಹಳೆಯ ವಿಮಾನಗಳನ್ನು ಹತ್ತಿರದಿಂದ ಕಾಣಬಹುದು.

ಒಂದೆರಡು ಎಚ್ಚರಿಕೆಗಳೂ ಅಗತ್ಯ. ಸೈನ್ಯದ ನೆಲೆಗಳ ಬಳಿ ಫೋಟೋ ತೆಗೆಯಬಾರದು. ಹಾರುವ ವಿಮಾನದ ಕಡೆಗೆ ಲೇಸರ್ ಬೆಳಕನ್ನು ಹಿಡಿಯಬಾರದು. ಪೈಲಟ್ಟರ ಕಣ್ಣು ಕೋರೈಸಿ ಅನಾಹುತವಾದೀತು. ಬರಿಗಣ್ಣಿನಿಂದಾಗಲಿ ದುರ್ಬೀನಿನಿಂದಾಗಲಿ ಸೂರ್ಯನ ಕಡೆ ನೋಡಬಾರದು.

ನಮ್ಮ ದೊಡ್ಡಪ್ಪನವರು 2022ರಲ್ಲಿ ಲಿಂಗೈಕ್ಯರಾದರು. ಅವರು ಕೂರುತ್ತಿದ್ದ ಜಗಲಿಯ ಮೇಲೆ ಈಗ ಸಂಜೆಯ ಹೊತ್ತು ಮೊಮ್ಮಗ ನೋಟುಪುಸ್ತಕ ಹಿಡಿದು ಕೂರುತ್ತಾನೆ. ಮೊನ್ನೆ ಮೋಡ ಕವಿದ ಸಂಜೆಯಲ್ಲಿ ತೆಂಗಿನ ತೋಟದಾಚೆ ಒಂದು ಸದ್ದು ಹಾದುಹೋಯಿತು. “ಯಾವುದಪ್ಪ ಅದು?” ಎಂದು ನಾವು ಕೇಳಿದೆವು. ಅವನು ಸ್ವಲ್ಪ ಹೊತ್ತು ಕಿವಿಗೊಟ್ಟು, “ಎರಡು ಪಂಖದ್ದು, ಅಷ್ಟು ಖಚಿತ. ಹೆಸರು ಗೊತ್ತಿಲ್ಲ” ಎಂದು ಹೇಳಿ, ಕೊನೆಯ ಅಂಕಣದಲ್ಲಿ ‘ಊಹೆ’ ಎಂದು ಬರೆದುಕೊಂಡನು. ತಾತನ ವಿದ್ಯೆ ಮೊಮ್ಮಗನಿಗೆ ಬಂದಿದೆ ಎಂದು ನಮಗೆ ಆಗ ಅನಿಸಿತು.